ಗ್ರೇ ಬಣ್ಣದ ಕಿಟಕಿ

"ರೀ! ಬೆಳಕಿಗೆ ಅಡ್ಡ ನಿಂತಿದ್ದೀರಿ... ಆಚೆ ಸರೀರಿ!"

ಅವಳು ತಲೆ ಎತ್ತದೆಯೇ ಗದರಿದಳು. ಉತ್ತರದ ಕಿಟಕಿಯ ಮುಂದೆ ನೂಲಿನ ಎರಡು ಲಡಿ ಹಿಡಿದು ಬಣ್ಣ ಹೋಲಿಸುವಾಗ ಅವಳಿಗೆ ಲೋಕದ ಪರಿವೆಯೇ ಇರುತ್ತಿರಲಿಲ್ಲ. ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳು 'ಸರಿ' ಅಂದ ಮೇಲೆಯೇ ಮಾಲು ಹೊರಗೆ ಹೋಗಬೇಕು. ಕೆಲಸದವರು ಬೆನ್ನ ಹಿಂದೆ ಅವಳನ್ನು 'ಹದ್ದುಗಣ್ಣಿ' ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತು, ಒಳಗೊಳಗೇ ಖುಷಿಯೂ ಇತ್ತು.

ಅಡ್ಡ ನಿಂತ ಮಹಾನುಭಾವ ಮಾತ್ರ ಸರಿಯಲಿಲ್ಲ.

"ಕ್ಷಮಿಸಿ... ನಿಘಂಟು ಕಚೇರಿಯಿಂದ ಬಂದಿದ್ದೀನಿ. 'ಗ್ರೇ' ಅನ್ನೋ ಇಂಗ್ಲಿಷ್ ಶಬ್ದಕ್ಕೆ ಅರ್ಥ ಬರೀಬೇಕು. ಕೆಲವರು ಅದನ್ನ 'ಇ' ಹಾಕಿ grey ಅಂತ ಬರೀತಾರೆ, ಕೆಲವರು 'ಎ' ಹಾಕಿ gray ಅಂತ. ಅವು ಎರಡೂ ಬೇರೆ ಬೇರೆ ಬಣ್ಣ ಅಂತ ನಮ್ಮ ಸಂಪಾದಕರ ವಾದ. ನಿಜಾನಾ?"

ಅವಳು ತಲೆ ಎತ್ತಿದಳು. ಅವನು ಕನ್ನಡಕವನ್ನು ಹಣೆಗೇರಿಸಿಕೊಂಡು, ಅದನ್ನೇ ಜೇಬಿನಲ್ಲಿ ಹುಡುಕುತ್ತಿದ್ದ! ನಗು ಬಂತು. ತಡೆದುಕೊಂಡಳು.

"ಈ ಚೀಟಿ ನೋಡಿ. ಸಮುದ್ರದ ಆಚೆ ಗಿರಾಕಿದು, 'ಎ' ಹಾಕಿದಾರೆ. ಇದು ಈಚೆಯವರದು, 'ಇ'. ಎರಡೂ ಒಂದೇ ತೊಟ್ಟೀಲಿ ಅದ್ದಿದ ನೂಲು. ಬರೆಯೋರು ಬೇರೆ, ಬಣ್ಣ ಒಂದೇ. ಆಯ್ತಲ್ಲ?"

"ಮತ್ತೆ ಅರ್ಥ?"

"ಬೂದಿ ಬಣ್ಣ ಅಂತ ಬರ್ಕೊಳ್ಳಿ."

"ಯಾವ ಬೂದಿ? ಕಟ್ಟಿಗೇದಾ, ಕಾಗದದ್ದಾ?"

ಅವಳ ಕೈಯಲ್ಲಿದ್ದ ಲಡಿ ಜಾರಿತು. 'ಅಯ್ಯೋ... ಇದು ನಾನು ಕೇಳೋ ಪ್ರಶ್ನೆಯಲ್ವಾ!'

ಮರುದಿನವೂ ಬಂದ. ಅದರ ಮರುದಿನವೂ. ಒಂದು ಶಬ್ದಕ್ಕೆ ಅರ್ಥ ಬರೆಯಲು ಇಷ್ಟು ದಿನ ಬೇಕೇ ಎಂದು ನೀವು ಕೇಳಬಹುದು. ಕಾರ್ಖಾನೆಯವರೂ ಕೇಳಿದರು, ಅವರಿಬ್ಬರು ಮಾತ್ರ ಕೇಳಿಕೊಳ್ಳಲಿಲ್ಲ.

ಕಿಟಕಿಯ ಬಳಿ ಕೂತು ಅವರು ಬೂದು ಹುಡುಕಿದರು. ಪಾರಿವಾಳದ ಬೆನ್ನು, ಆಗಷ್ಟೇ ಒರೆಸಿದ ಸ್ಲೇಟು, ಮಳೆಗೆ ಮುಂಚಿನ ಆಕಾಶ... ಅವಳ ಚಿಕ್ಕಮ್ಮನ ಮುಂದಲೆಯ ಕೂದಲು.

"ನನ್ನ ತಲೇನೂ ಡಿಕ್ಷನರಿಗೆ ಸೇರಿಸ್ತೀರೇನಪ್ಪಾ!" ಎಂದು ಚಿಕ್ಕಮ್ಮ ರೇಗಿದರು. ಕಾರ್ಖಾನೆಯ ಒಡತಿ ಅವರೇ. ಅವಳನ್ನು ಸಾಕಿ, ಕೆಲಸ ಕಲಿಸಿದವರೂ ಅವರೇ.

"ಅರ್ಥ ಸಿಕ್ತು," ಅಂದ ಅವನೊಂದು ದಿನ. "ಪ್ರಯೋಗಕ್ಕೆ ಒಂದು ವಾಕ್ಯ ಬೇಕು. ನೀವೇ ಹೇಳಿ."

ಅವಳು ಹೊರಗೆ ನೋಡಿದಳು. "ಬೆಳಕು ಹರಿಯೋ ಮುಂಚೆ ಕಿಟಕಿ ಗ್ರೇ ಆಗಿರುತ್ತೆ... ಇನ್ನು ಯಾವ ಬಣ್ಣ ಬೇಕಾದ್ರೂ ಬರಬಹುದು ಅನ್ಸುತ್ತೆ."

ಅವನು ಬರೆದುಕೊಳ್ಳಲಿಲ್ಲ. ಅವಳನ್ನೇ ನೋಡುತ್ತಾ ಕೂತ. ಸಂಜೆಯಾಯಿತು, ಯಾರೋ ಟ್ಯೂಬ್‌ಲೈಟ್ ಹಾಕಿದರು.

"ಗ್ರೇ ಮುಗೀತು. ಇನ್ನು ಇಲ್ಲಿಗೆ ಬರೋಕೆ ನೆಪ ಇಲ್ಲ," ಅಂದ ಅವನು. "ನೆಪ ಇಲ್ದೇನೂ ಬರ್ಬೇಕು ಅನ್ಸುತ್ತೆ... ಜೀವನಪೂರ್ತಿ. ನನ್ನ ಮದುವೆ ಆಗ್ತೀರಾ?"

'ಹೂಂ! ಹೂಂ!' ಎಂದು ಅವಳ ಎದೆ ಕೂಗಿತು.

ಆದರೆ ದೀಪ ಹಾಕಿದ್ದಾರಲ್ಲ! ದೀಪ ಹಾಕಿದ ಮೇಲೆ ಬಣ್ಣಕ್ಕೆ ಮಾತು ಕೊಡಬಾರದು ಎಂಬುದು ಚಿಕ್ಕಮ್ಮ ಕಲಿಸಿದ ಮೊದಲ ಪಾಠ. ಟ್ಯೂಬ್‌ಲೈಟಿನಲ್ಲಿ ಅವಳಿ ಜವಳಿಯಂತೆ ಕಂಡ ಲಡಿಗಳು ಬೆಳಿಗ್ಗೆ ಬೇರೆಬೇರೆಯಾಗಿ ಕಾಣುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಇದಂತೂ ಬದುಕಿನ ಮಾತು.

"ಈಗ ಬೇಡ... ಬೆಳಿಗ್ಗೆ ಬನ್ನಿ. ಬೆಳಕಲ್ಲಿ ಹೇಳ್ತೀನಿ."

ಅವನ ಮುಖ ಬಾಡಿತು. "ಪರವಾಗಿಲ್ಲ ಬಿಡಿ," ಎಂದು ನಕ್ಕು ಎದ್ದು ಹೋದ.

ನಸುಕಿಗೇ ಎದ್ದು ಅವಳು ಕಿಟಕಿಯ ಬಳಿ ಕೂತಳು. ಕಿಟಕಿ ಗ್ರೇ ಆಗಿತ್ತು. ಆಮೇಲೆ ಬೆಳ್ಳಗಾಯಿತು. ಅವನು ಬರಲಿಲ್ಲ. ಮರುದಿನವೂ ಇಲ್ಲ.

ಅವತ್ತು ಹದ್ದುಗಣ್ಣಿ ನೀಲಿಗೂ ಸರಿ ಅಂದಳು, ಹಸಿರಿಗೂ ಸರಿ ಅಂದಳು! ಕೆಲಸದವರು ಗಾಬರಿಯಾಗಿ ಚಿಕ್ಕಮ್ಮನನ್ನು ಕರೆತಂದರು. ಅವಳು ಬಿಕ್ಕುತ್ತಲೇ ಎಲ್ಲ ಹೇಳಿದಳು.

ಚಿಕ್ಕಮ್ಮ ಹಣೆ ಚಚ್ಚಿಕೊಂಡರು. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೊಂಡ್ಯಲ್ಲೇ! ನಾನು ಹೇಳಿದ್ದು ನೂಲಿಗೆ ಕಣೇ, ಮನುಷ್ಯರಿಗಲ್ಲ! ಇನ್ನೂ ಕೂತಿದ್ದೀಯಾ? ಹೋಗೇ!"

ಅವಳು ಓಡಿದಳು.

ನಿಘಂಟು ಕಚೇರಿ ನೆಲಮಾಳಿಗೆಯಲ್ಲಿತ್ತು. ಪುಸ್ತಕಗಳ ರಾಶಿ, ಗುಂಯ್‌ಗುಟ್ಟುವ ಒಂದು ಟ್ಯೂಬ್‌ಲೈಟು, ಕಿಟಕಿಯೇ ಇಲ್ಲ. ಅವಳನ್ನು ಕಂಡು ಅವನು ದಡಬಡಿಸಿ ಎದ್ದ.

"ಯಾಕೆ ಬರ್ಲಿಲ್ಲ?" ಅವಳು ಮೆಟ್ಟಿಲಿಳಿಯುತ್ತಲೇ ಕೇಳಿದಳು.

"ಬೇಡ ಅಂದ್ರಲ್ಲ..."

"ಬೆಳಿಗ್ಗೆ ಬನ್ನಿ ಅಂದೆ! ದೀಪದ ಬೆಳಕಲ್ಲಿ ನಾನು ಯಾವುದಕ್ಕೂ ಮಾತು ಕೊಡಲ್ಲ. ಅದು ನಮ್ಮ ಕಸುಬು. ಶಬ್ದಕ್ಕೆ ಅರ್ಥ ಬರೆಯೋರಿಗೆ ಅಷ್ಟೂ ತಿಳೀಲಿಲ್ವಾ?"

"ಇಲ್ಲ ಅನ್ನೋಕೆ ಮನಸ್ಸು ಬಾರದವರು ನಾಳೆ ಅಂತಾರೆ... ನೀವೂ ಹಾಗೇ ಅಂದ್ಕೊಂಡೆ." ಅವನು ಮೆಟ್ಟಿಲ ಕಡೆ ಕೈ ತೋರಿಸಿದ. "ಬನ್ನಿ, ಮೇಲೆ ಬಾಗಿಲ ಹತ್ತಿರ ಒಳ್ಳೆ ಬೆಳಕಿದೆ. ಅಲ್ಲೇ ಹೇಳಿ."

ಅವಳು ಕದಲಲಿಲ್ಲ. ಅವನ ಅಂಗಿ ಬೂದೋ ತಿಳಿನೀಲಿಯೋ, ಆ ದೀಪದಲ್ಲಿ ಅವಳಿಗೆ ತಿಳಿಯಲಿಲ್ಲ. ಮೊದಲ ಸಲ, ತಿಳಿಯಬೇಕೆಂದೂ ಅನಿಸಲಿಲ್ಲ.

"ಬೇಡ, ಇಲ್ಲೇ ಹೇಳ್ತೀನಿ," ಎಂದು ಅವನ ಕೈ ಹಿಡಿದಳು. "ಹೂಂ... ಆಗ್ತೀನಿ."

ಅವನ ಕಣ್ಣು ತುಂಬಿತು. "ನಾಳೆ ಬೆಳಕಲ್ಲಿ ನಾನು ಬೇರೆ ಥರ ಕಂಡ್ರೆ?"

"ಕಾಣ್ತೀರಿ. ನಾನೂ ಕಾಣ್ತೀನಿ. ಕಿಟಕಿ ಹತ್ರ ಇಬ್ರಿಗೂ ಜಾಗ ಇದೆ."

"ಬೆಳಕಿಗೆ ಅಡ್ಡ ನಿಂತ್ರೆ ಬೈಯಲ್ವಾ?"

"ಬೈತೀನಿ..." ಅವಳು ಅವನ ಹಣೆಯ ಮೇಲಿದ್ದ ಕನ್ನಡಕವನ್ನು ಮೆಲ್ಲಗೆ ಕಣ್ಣಿಗಿಳಿಸಿದಳು. "ಆದ್ರೂ ಸರೀಬೇಡಿ."