ಎರವಲು ತಂದ ಅರ್ಧ ರಾತ್ರಿ

ಮಣ್ಣು ಮಾಡಿ ಬಂದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಅದು. ನೆಂಟರೆಲ್ಲ ಹೊರಟುಹೋಗಿದ್ದರು. ನನ್ನ ಗಂಡ ಅನ್ಸೆಲ್ಮೊ ಬದುಕಿದ್ದರೂ ಅಂದು ಮನೆಯಲ್ಲಿರುತ್ತಿರಲಿಲ್ಲ. ಅದು ಅವನ ಪಾಳಿಯ ವಾರ. ಬೆಟ್ಟದ ಮೇಲಿನ ನಕ್ಷತ್ರ ವೀಕ್ಷಣಾಲಯದಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು, ಈಗ ಕಪ್ಪು ಪರದೆ ಎಳೆದು ಮಲಗಿರಬೇಕಾದ ಹೊತ್ತು.

ಹಾಗಾಗಿ ಮನೆಗೆ ಏನೂ ಗೊತ್ತಾದಂತಿರಲಿಲ್ಲ. ಮಂಚದ ಅವನ ಬದಿ ಪ್ರತಿ ಪಾಳಿಯಲ್ಲಿರುವಂತೆಯೇ ಖಾಲಿಯಿತ್ತು. ಕಿಟಕಿಯಾಚೆ ಲಾ ಸೆರೆನಾ ಊರಿನ ಮೇಲೆ ಸಮುದ್ರದ ಮಂಜು ಎಂದಿನಂತೆ ಕೂತಿತ್ತು. ನನ್ನ ಮೈಗೂ ಗೊತ್ತಾಗಿರಲಿಲ್ಲ. ಶನಿವಾರದ ಬಸ್ಸಿಗೆ ಇಳಿದು ಬರುತ್ತಾನೆ ಎಂದು ಅದು ಸುಮ್ಮನೆ ಕಾಯುತ್ತಿತ್ತು.

ಅತ್ತೆ ಬ್ರೆಡ್ಡು ಸುಟ್ಟು, ಬೆಣ್ಣೆಹಣ್ಣು ಹಿಸುಕಿ ಸವರಿ ನನ್ನ ಮುಂದಿಟ್ಟರು.

“ತಿನ್ನು ಮಗಳೇ. ಗುರುವಾರ ನೀನು ಬೆಟ್ಟದ ಮೇಲೆ ಹೋಗ್ಬೇಕು. ಮೈಯಲ್ಲಿ ಶಕ್ತಿ ಬೇಡವಾ?”

“ಹೂಂ ಅತ್ತೆ.”

“ಅಲ್ಲಿ ಜನ ಇರ್ತಾರಾ?”

“ಎಲ್ಲಿ?”

“ಅವನ ಗ್ರಹದಲ್ಲಿ. ಇನ್ನೆಲ್ಲಿ.”

“ಗೊತ್ತಿಲ್ಲ. ನೀರಿರಬಹುದು ಅಂತಿದ್ದ.”

“ನೀರಿದ್ರೆ ಬಟ್ಟೆ ಒಗೆಯೋರೂ ಇರ್ತಾರೆ ಬಿಡು. ಬೇಕರಿಯವಳಿಗೆ ಹೇಳಿದೀನಿ, ಗುರುವಾರ ನನ್ನ ಮಗನ ಗ್ರಹ ಸಿಗುತ್ತೆ ಅಂತ. ಪಾದ್ರಿಗಳಿಗೂ ಹೇಳಿದೀನಿ.”

ನಾನು ಬ್ರೆಡ್ಡು ಬಾಯಿಗಿಟ್ಟುಕೊಂಡೆ. ಅಗಿಯುವುದು ನೆನಪಿತ್ತು.

ಅನ್ಸೆಲ್ಮೊನ ನಕ್ಷತ್ರಕ್ಕೆ ಹೆಸರಿಲ್ಲ, ನಂಬರು ಮಾತ್ರ. ಅದರ ಬೆಳಕು ಎರಡು ಸಲ ತುಸು ಕುಂದಿ, ಕೆಲವು ತಾಸಿನ ನಂತರ ಮೊದಲಿನಂತಾಗಿತ್ತು. ಯಾವುದೋ ಗ್ರಹ ಅದರ ಮುಂದೆ ಹಾದುಹೋದಂತೆ. ಲಾರಿಯ ದೀಪದ ಮುಂದೆ ಹುಳು ಹಾರಿದಷ್ಟು. ಎರಡು ಸಲ ಕಂಡದ್ದನ್ನು ಯಾರೂ ನಂಬುವುದಿಲ್ಲ. ಲೆಕ್ಕ ಹಾಕಿ ಹೇಳಿದ ಹೊತ್ತಿಗೆ ಮೂರನೆಯ ಸಲವೂ ಕುಂದಿದರೆ ಗ್ರಹವೆಂದು ಒಪ್ಪುತ್ತಾರೆ. ಆ ಹೊತ್ತು ಗುರುವಾರ, ರಾತ್ರಿಯ ಮೊದಲರ್ಧ. ಆ ರಾತ್ರಿ ದೂರದರ್ಶಕ ಅನ್ಸೆಲ್ಮೊನ ಪಾಲಿಗೆ ಬಂದಿತ್ತು. ಅದಕ್ಕೆ ಹಾಕಿದ್ದ ಅರ್ಜಿಯಲ್ಲಿ ನನ್ನ ಹೆಸರೂ ಇದ್ದುದರಿಂದ ಈಗ ನನ್ನ ಪಾಲಿಗೆ. ಅದು ತಪ್ಪಿದರೆ ನಕ್ಷತ್ರ ತಿಂಗಳುಗಟ್ಟಲೆ ಸೂರ್ಯನ ಹಿಂದೆ ಮರೆಯಾಗುತ್ತದೆ. ಮತ್ತೆ ಕಾಣುವಷ್ಟರಲ್ಲಿ, ಅದರ ಬೆನ್ನು ಹತ್ತಿರುವ ಇನ್ನೊಂದು ತಂಡ ನಮಗಿಂತ ದೊಡ್ಡ ದೂರದರ್ಶಕ ಹಿಡಿದು ಕಾದಿರುತ್ತದೆ.

ನಾವು ಮೊದಲ ಸಲ ಸಿಕ್ಕಿದ್ದು ಜಗಳದಲ್ಲಿ. ಬೆಟ್ಟದ ವಸತಿಗೃಹದಲ್ಲಿ ಹಗಲು ಯಾರೂ ಸದ್ದು ಮಾಡುವಂತಿಲ್ಲ. ಎಲ್ಲರಿಗೂ ಅದೇ ನಿದ್ದೆಯ ಹೊತ್ತು. ನಾನು ಹೊಸಬಳು. ಚಕ್ರದ ಸೂಟ್‌ಕೇಸನ್ನು ಗಡಗಡ ಎಳೆದುಕೊಂಡು ಹೋಗುತ್ತಿದ್ದೆ. ಒಂದು ಬಾಗಿಲು ತೆರೆಯಿತು. ಅರ್ಧ ಮುಚ್ಚಿದ ಕಣ್ಣು, ಎದ್ದು ನಿಂತ ಕೂದಲು.

“ಏ ಕಡ್ಡಿ, ರೈಲು ಓಡಿಸ್ತಿದೀಯಾ?” ಪಿಸುಗುಟ್ಟಿದ.

“ಸ್ವೆಟರ್ ಉಲ್ಟಾ ಹಾಕ್ಕೊಂಡಿದೀಯ,” ನಾನೂ ಪಿಸುಗುಟ್ಟಿದೆ.

ಅವನು ತಲೆ ಬಗ್ಗಿಸಿ ನೋಡಿಕೊಂಡ. ಮತ್ತೆ ನನ್ನನ್ನು ನೋಡಿದ. ಕಣ್ಣು ಈಗ ಪೂರ್ತಿ ತೆರೆದಿತ್ತು. ಸೂಟ್‌ಕೇಸನ್ನು ನಿದ್ದೆ ಹೋದ ಮಗುವಿನಂತೆ ಎತ್ತಿಕೊಂಡು ಮುಂದೆ ನಡೆದ. ತಿರುವಿನಲ್ಲಿ ನಿಂತು, ನಾನು ಬರುತ್ತಿದ್ದೇನೆಯೇ ಎಂದು ಹಿಂದಿರುಗಿ ನೋಡಿದ. ಬರುತ್ತಿದ್ದೆ.

ನಮ್ಮ ಪ್ರೀತಿಯೆಲ್ಲ ಪಿಸುಮಾತಿನಲ್ಲೇ ಬೆಳೆಯಿತು. ಮದುವೆಯಾಗುತ್ತೀಯಾ ಎಂದೂ ಅವನು ಪಿಸುಗುಟ್ಟಿಯೇ ಕೇಳಿದ. ಕೇಳಿಸಲಿಲ್ಲ ಎಂದು ಎರಡೆರಡು ಸಲ ಹೇಳಿಸಿದೆ.

ಎರಡನೆಯ ಸಲ ನಕ್ಷತ್ರ ಕುಂದಿದ್ದು ಕಂಡದ್ದು ನಮ್ಮ ರಾತ್ರಿಯಲ್ಲಲ್ಲ. ಅದು ಗೆಳೆಯ ಬಾಲ್ತಸಾರ್‌ನ ಪಾಲಿನ ಅರ್ಧ ರಾತ್ರಿ. ಅವನು ಸಿಡಿದ ನಕ್ಷತ್ರಗಳನ್ನು ನೋಡುವವನು. ಊಟದ ಮನೆಯಲ್ಲಿ ಅನ್ಸೆಲ್ಮೊ ಅವನ ತಟ್ಟೆಯ ಎದುರು ಕೈ ಮುಗಿದು ಕೂತಿದ್ದ.

“ಅರ್ಧ ರಾತ್ರಿ ಕೈಗಡ ಕೊಡು ಮಾರಾಯ. ಮುಂದಿನ ಸಲ ನನ್ನ ಪಾಲಿನ ಮೊದಲರ್ಧ ನಿಂದು.”

“ನಿನ್ನ ಗ್ರಹದೋರು ಬಂದ್ರೆ ನನ್ನನ್ನೂ ಪರಿಚಯ ಮಾಡಿಸ್ತೀಯಾ?”

“ಹುಡುಗಿಯರಿದ್ರೆ ಮೊದಲು ನಿಂಗೇ.”

ಆ ರಾತ್ರಿ ಬೆಳಕು ಕುಂದಿತು. ಅದರಿಂದ ಲೆಕ್ಕ ಹಾಕಿದಾಗಲೇ ಗೊತ್ತಾದದ್ದು: ಮೂರನೆಯದು ಬರುವುದು ಅನ್ಸೆಲ್ಮೊ ಗೆಳೆಯನಿಗೆ ಕೊಡುತ್ತೇನೆಂದ ಅದೇ ಮೊದಲರ್ಧದಲ್ಲಿ. ಅನ್ಸೆಲ್ಮೊ ಬಹಳ ಹೊತ್ತು ನಕ್ಕ. “ನೀನೇನೂ ಯೋಚಿಸ್ಬೇಡ ಕಡ್ಡಿ. ಬಾಲ್ತಸಾರ್‌ನ ಆ ರಾತ್ರಿ ನಮಗೇ ಬಿಡೋಕೆ ನಾನು ಒಪ್ಪಿಸ್ತೀನಿ.” ಒಪ್ಪಿಸಲು ಹೋಗುವ ಮೊದಲೇ ಅನ್ಸೆಲ್ಮೊನ ಮೆದುಳಿನಲ್ಲಿ ನರವೊಂದು ಒಡೆಯಿತು.

ನೆಂಟರು ಹೊರಟುಹೋದ ಮೇಲಿನ ಆ ಮೊದಲ ದಿನ ಮಧ್ಯಾಹ್ನ ಬಾಲ್ತಸಾರ್ ಬಂದ. ಕೈಯಲ್ಲಿ ಮುಚ್ಚಿದ ಪಾತ್ರೆ.

“ಅಮ್ಮ ಕಾಳಿನ ಸಾರು ಕಳಿಸಿದಾಳೆ,” ಎಂದು ಮೇಜಿನ ಮೇಲಿಟ್ಟ. ನನ್ನ ಮುಖ ನೋಡಲಿಲ್ಲ.

ಅತ್ತೆ ಅವನಿಗೆ ಚಹಾ ಕೊಟ್ಟರು. “ಗುರುವಾರ ಇವಳನ್ನ ನೋಡ್ಕೋ ಮಗಾ. ಅಲ್ಲಿ ಚಳಿ ಜಾಸ್ತಿ. ಇವಳು ಏನೂ ಹೊದ್ಕೊಳಲ್ಲ.”

“ನೋಡ್ಕೋತೀನಿ.”

“ಗ್ರಹಕ್ಕೆ ಅವನ ಹೆಸರಿಡ್ತಾರಾ?”

“ಇಲ್ಲಮ್ಮ. ನಕ್ಷತ್ರದ ನಂಬರಿಗೆ ಒಂದಕ್ಷರ ಸೇರಿಸ್ತಾರೆ, ಅಷ್ಟೇ.”

“ಒಂದಕ್ಷರ ಸಾಕು,” ಎಂದರು ಅತ್ತೆ.

ಅವನನ್ನು ಬೀಳ್ಕೊಡಲು ಗೇಟಿನವರೆಗೆ ಹೋದೆ. ಮಂಜು ಕರಗಿ, ಬಿಸಿಲು ಬಿದ್ದಿತ್ತು.

“ನಿನ್ನ ನಕ್ಷತ್ರ ಹೇಗಿದೆ?” ಕೇಳಿದೆ.

“ಯಾವುದು?”

“ಮೊನ್ನೆ ಸಿಡಿದದ್ದು.”

“ಇದೆ.” ಅವನು ಗೇಟಿನ ಚಿಲಕ ತೆಗೆದ, ಹಾಕಿದ. “ನನಗೇನೂ ಅವಸರ ಇಲ್ಲ ಲೊರೆತೊ.”

“ಸುಳ್ಳು ಹೇಳೋಕೆ ಬರಲ್ಲ ನಿಂಗೆ. ಬೆಳಕು ದಿನಾ ಕಮ್ಮಿ ಆಗ್ತಿದೆ ಅಲ್ವಾ?”

ಅವನು ಮತ್ತೆ ಚಿಲಕ ತೆಗೆದ.

“ಮುಂದಿನ ವಾರಕ್ಕೆ ಎಷ್ಟು ಉಳಿಯುತ್ತೆ?”

“ಏನೂ ಉಳಿಯಲ್ಲ.”

ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ಪಾತ್ರೆ ತೊಳೆಯುತ್ತಿದ್ದರು. ನಮ್ಮ ಕಡೆ ನೋಡಿ ತಲೆಯಾಡಿಸಿದರು. ಬೇಕರಿಯವಳು, ಪಾದ್ರಿ, ಆ ಒಂದಕ್ಷರ. ಎಲ್ಲವೂ ನನಗೆ ಕಾಣುತ್ತಿತ್ತು. ಬೇಡಿಕೊಂಡರೆ ಬಾಲ್ತಸಾರ್ ಬಿಟ್ಟುಕೊಡುತ್ತಿದ್ದ. ಬೇಡದಿದ್ದರೂ ಬಿಟ್ಟುಕೊಡುತ್ತಿದ್ದ. ನಾನು ಸುಮ್ಮನಿದ್ದರೆ ಸಾಕಾಗಿತ್ತು.

“ಗುರುವಾರದ ಮೊದಲರ್ಧ ನಿಂದು,” ಎಂದೆ.

“ಬೇಡ. ಅದು ನಿಮ್ಮಿಬ್ಬರ ಗ್ರಹ.”

“ಇದ್ರೆ, ಅದು ಸುತ್ತಿ ಬರುತ್ತೆ. ಯಾರಿಗಾದ್ರೂ ಸಿಗುತ್ತೆ. ನಿಂದು ಬರಲ್ಲ.”

“ಅನ್ಸೆಲ್ಮೊ ಇದ್ದಿದ್ರೆ ನನ್ನ ಕಾಲು ಹಿಡಿದಾದ್ರೂ ಆ ರಾತ್ರಿ ಇಟ್ಕೋತಿದ್ದ.”

“ಹೌದು. ನಗಿಸಿ ನಗಿಸಿ ಇಟ್ಕೋತಿದ್ದ.” ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. “ಅವನಿಲ್ಲ ಬಾಲ್ತಸಾರ್. ಶನಿವಾರದ ಬಸ್ಸಲ್ಲೂ ಬರಲ್ಲ.”

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಬಂದ ಮೇಲೆ ಕೈ ಎಲ್ಲಿಡಬೇಕೋ ತಿಳಿಯದೆ ಗೇಟು ಹಿಡಿದುಕೊಂಡೆ. ಅವನು ನನ್ನ ಕೈಯ ಮೇಲೆ ತನ್ನ ಕೈಯಿಟ್ಟ.

“ತಗೋ,” ಎಂದೆ. “ಅವನು ನಿನ್ನಿಂದ ಕೈಗಡ ತಂದಿದ್ದ ಅರ್ಧ ರಾತ್ರಿ.”