ರೂಲ್ಸಣ್ಣ ಮನೆ ಬಿಟ್ಟದ್ದು

ಸರ್ಕಾರದ ಲೆಕ್ಕದಲ್ಲಿ ತನ್ನ ಚಿಕ್ಕ ಮಗಳು ಹುಟ್ಟಿಯೇ ಇಲ್ಲ ಎಂಬ ಸಂಗತಿ ಅವನಿಗೆ ಗೊತ್ತಾದದ್ದು, ಒಂದು ಲಿಫ್ಟಿನ ನೆತ್ತಿಯ ಮೇಲೆ ಕುಳಿತು ಹಗ್ಗಕ್ಕೆ ಗ್ರೀಸು ಹಚ್ಚುತ್ತಿದ್ದಾಗ. ಕಿವಿಗೆ ಸಿಕ್ಕಿಸಿಕೊಂಡಿದ್ದ ರೇಡಿಯೋದಲ್ಲಿ ಒಬ್ಬಾಕೆ ತಣ್ಣನೆಯ ದನಿಯಲ್ಲಿ ಓದುತ್ತಿದ್ದಳು. ಮಕ್ಕಳ ಪಾಲನೆಗೆಂದು ಸರ್ಕಾರ ಕೊಡುವ ಕುಟುಂಬ ಭತ್ಯೆ ಇನ್ನು ಮುಂದೆ ವಾರವಾರ ಬರುವುದಿಲ್ಲ, ತಿಂಗಳಿಗೊಮ್ಮೆ ಬರುತ್ತದೆ. ಒಂದು ಮನೆಗೆ ಎರಡೇ ಮಕ್ಕಳ ಲೆಕ್ಕ. ಅವನಿಗೆ ಮೂವರು. ಮೂರನೆಯವಳು ಅಂದು ಬೆಳಿಗ್ಗೆ ತಾನೇ ಅವನ ಬೂಟಿನೊಳಗೆ ಟಾಲ್ಕಂ ಪೌಡರು ಸುರಿದಿಟ್ಟಿದ್ದಳು. ಹೆಜ್ಜೆ ಇಟ್ಟಲ್ಲೆಲ್ಲ ಬಿಳಿ ಹೊಗೆ ಏಳುತ್ತಿತ್ತು. ಇಷ್ಟೊಂದು ಗುರುತು ಬಿಡುವ ಮಗುವನ್ನು ಇಲ್ಲವೆನ್ನುವುದು ಹೇಗೆ?

ಅವನು ಲಿಫ್ಟ್ ಮೆಕ್ಯಾನಿಕ್. ಆದರೆ ವಠಾರದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ರೂಲ್ಸಣ್ಣ ಎಂದು. ಯಾವ ಸವಲತ್ತು ಯಾರಿಗೆ, ಯಾವ ಕಿಟಕಿಯಲ್ಲಿ ನಿಂತರೆ ಬೇಗ ಕೆಲಸವಾಗುತ್ತದೆ, ವಿಧವೆಯರ ಭತ್ಯೆ ಯಾಕೆ ತಡವಾಯಿತು, ಎಲ್ಲಕ್ಕೂ ಅವನ ಬಳಿ ಉತ್ತರವಿರುತ್ತಿತ್ತು. ಮೆಟ್ಟಿಲ ಮೇಲೆ ಅವನನ್ನು ಅಡ್ಡಗಟ್ಟಿ ಕೇಳುವವರಿಗೆ, ಒಂದು ಕಾಲು ಮೇಲಿನ ಮೆಟ್ಟಿಲ ಮೇಲಿಟ್ಟು, ದೊಡ್ಡ ವಕೀಲನಂತೆ ವಿವರಿಸುತ್ತಿದ್ದ. ಅಂಥವನ ಮನೆಯಲ್ಲೇ ಒಂದು ಮಗು ಲೆಕ್ಕ ತಪ್ಪಿತೆಂದರೆ ಮರ್ಯಾದೆಯ ಪ್ರಶ್ನೆ.

ಭತ್ಯೆ ಕಚೇರಿಯವರು ಹೊಸ ಬದಲಾವಣೆಗಳನ್ನು ತಿಳಿಸಲು ಶಾಲೆಯ ಹಾಲಿನಲ್ಲಿ ಸಭೆ ಕರೆದರು. ಅವನು ಮುಂದಿನ ಸಾಲಿನಲ್ಲೇ ಕುಳಿತ, ಹೆಂಡತಿ ಹಿಂದೆಲ್ಲೋ ಹೆಂಗಸರ ನಡುವೆ. ಪ್ರಲೋಭನೆ ಬಂದದ್ದು ಅಲ್ಲಿ, ಕನ್ನಡಕದ ಅಧಿಕಾರಿಯೊಬ್ಬರ ಬಾಯಿಂದ, ಆಕಳಿಕೆಯ ನಡುವೆ: ಗಂಡನಿಂದ ಬೇರೆಯಾಗಿದ್ದು ಮಕ್ಕಳನ್ನು ಸಾಕುವ ತಾಯಿಗೆ ಈ ಮಿತಿ ಅನ್ವಯಿಸುವುದಿಲ್ಲ, ಎಷ್ಟು ಮಕ್ಕಳಿದ್ದರೂ ಎಲ್ಲರಿಗೂ ಹಣ, ಅದೂ ಹಳೆಯದಕ್ಕಿಂತ ಹೆಚ್ಚು. ಹಾಲಿನಲ್ಲಿ ಯಾರೂ ತಲೆ ಎತ್ತಲಿಲ್ಲ. ರೂಲ್ಸಣ್ಣನಿಗೆ ಮಾತ್ರ ಎಲ್ಲೋ ಲಿಫ್ಟಿನ ಬಾಗಿಲು ಮೆಲ್ಲಗೆ ತೆರೆದುಕೊಂಡ ಹಾಗೆ ಕೇಳಿಸಿತು.

ಅವನು ಹೆಂಡತಿಯನ್ನು ಒಪ್ಪಿಸಲು ಒಂದು ವಾರವಾದರೂ ಬೇಕೆಂದುಕೊಂಡಿದ್ದ. ಅವಳು ಲಾಂಡ್ರಿ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ಸುಕ್ಕು ಕಂಡರೆ ಬಿಡುವವಳಲ್ಲ.

“ಏನಿಲ್ಲ ಕಣೇ. ನಾನು ಎದುರುಗಡೆ ಅಕ್ಕನ ಮನೆಗೆ ಹೋಗೋದು, ಅಷ್ಟೆ. ಮೇಲಿನ ರೂಮು ಖಾಲಿ ಬಿದ್ದಿದೆ. ಜನರ ಕಣ್ಣಿಗೆ ನಾವು ಬೇರೆ ಬೇರೆ.”

“ಸಿಕ್ಕಿಹಾಕ್ಕೊಂಡ್ರೆ?”

“ಸಿಕ್ಕಿಹಾಕ್ಕೊಳ್ಳೋರು ಅರ್ಧಂಬರ್ಧ ಮಾಡೋರು. ನಾನು ಮಾಡಿದ್ರೆ ಪೂರ್ತಿ ಮಾಡ್ತೀನಿ.”

ಅವಳು ಸ್ವಲ್ಪ ಹೊತ್ತು ಅವನ ಅಂಗಿಯ ಕಾಲರನ್ನೇ ನೋಡಿದಳು. “ನಿಮ್ಮ ಬಟ್ಟೆ ಯಾರು ಒಗೀತಾರೆ?”

“ನಾನೇ ಒಗ್ಕೋಬೇಕು. ನೀನು ಒಗೆದ್ರೆ ಅನುಮಾನ ಬರುತ್ತೆ.”

“ಊಟ?”

“ಅದೂ ಅಲ್ಲೇ.”

“ಹಾಗಾದ್ರೆ ಆಗ್ಲಿ ಬಿಡಿ,” ಎಂದಳು. ಇಷ್ಟು ಬೇಗ ಒಪ್ಪಿಸಿದ ತನ್ನ ಮಾತುಗಾರಿಕೆಗೆ ಅವನು ತಾನೇ ಬೆನ್ನು ತಟ್ಟಿಕೊಂಡ.

ಹಣ ಅವಳ ಖಾತೆಗೇ ಬರುತ್ತದೆ. ಅದು ಮನೆಖರ್ಚಿಗೆ ಸಾಕು. ಇಲ್ಲಿಯವರೆಗೆ ಅವಳು ಕೇಳಿದಾಗಲೆಲ್ಲ ಜೇಬಿನಿಂದ ಚೂರುಚೂರೇ ತೆಗೆದುಕೊಡುತ್ತಿದ್ದ ಸಂಬಳ ಇನ್ನು ಮುಂದೆ ಇಡಿಯಾಗಿ ಅವನದೇ. ಗೆಳೆಯನ ಗ್ಯಾರೇಜಿನಲ್ಲಿ ಒಂದು ಹಸಿರು ಸ್ಕೂಟರು ನಿಂತಿತ್ತು. ಅದರ ಕನ್ನಡಿಯಲ್ಲಿ ಅವನು ಆಗಲೇ ಎರಡು ಸಲ ಮುಖ ನೋಡಿಕೊಂಡು ಬಂದಿದ್ದ. ಈ ಭಾಗವನ್ನು ಹೆಂಡತಿಗೆ ವಿವರಿಸುವ ಅಗತ್ಯ ಕಾಣಲಿಲ್ಲ.

ತಯಾರಿ ಎಂದರೆ ತಯಾರಿ. ಹಲ್ಲುಜ್ಜುವ ಬ್ರಷ್ಷು, ರೇಜರು, ಬೂಟು, ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದ್ದ ಅಂಗಿ, ಒಂದನ್ನೂ ಬಿಡಲಿಲ್ಲ. ಹೊರಬಾಗಿಲಿನ ಹೆಸರಿನ ಫಲಕವನ್ನು ತಾನೇ ಸ್ಕ್ರೂ ಬಿಚ್ಚಿ ತೆಗೆದ. ಅಂಚೆ ಕಚೇರಿಯಲ್ಲಿ ವಿಳಾಸ ಬದಲಿಸಿದ. ಕಂಪನಿಗೂ ಹೋಗಿ, ತಲೆ ತಗ್ಗಿಸಿ, ಮನೆಯಲ್ಲಿ ಹೊಂದಾಣಿಕೆ ಇಲ್ಲ, ಬೇರೆ ಇದ್ದೇನೆ ಎಂದು ಹೇಳಿಬಂದ. ಮ್ಯಾನೇಜರು ಅವನ ಭುಜ ತಟ್ಟಿದರು. ಯಾರು ಎಲ್ಲಿ ವಿಚಾರಿಸಿದರೂ ಒಂದೇ ಉತ್ತರ ಸಿಗಬೇಕು, ಅದು ಅವನ ಸಿದ್ಧಾಂತ.

ಕೊನೆಗೆ ಜಗಳ. ಅದಕ್ಕೆ ಭಾನುವಾರದ ಬೆಳಗು, ವಠಾರದ ಮೆಟ್ಟಿಲು, ಎಲ್ಲ ಮನೆಯ ಬಾಗಿಲೂ ತೆರೆದಿರುವ ಹೊತ್ತು. ಅವಳು ಏನು ಹೇಳಬೇಕು, ಅವನು ಏನು ಹೇಳಬೇಕು, ಎಲ್ಲ ಬಾಯಿಪಾಠ ಮಾಡಿಸಿದ್ದ. “ನಿಮ್ಮ ಕೋಪ ತಾಳೋಕಾಗಲ್ಲ” ಎಂದು ಅವಳು, “ಹಾಗಾದ್ರೆ ನಾನೇ ಹೋಗ್ತೀನಿ” ಎಂದು ಅವನು, ಪೆಟ್ಟಿಗೆ ಹಿಡಿದು ಇಳಿಯುವುದು. ಅವಳು ಮೊದಲ ಸಾಲನ್ನು ಸರಿಯಾಗಿಯೇ ಹೇಳಿದಳು. ಆಮೇಲೆ ಏನು ತೋಚಿತೋ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಮದುವೆಯಾದಾಗಿನಿಂದ ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೀತಾರೆ ಈ ಮನುಷ್ಯ. ಊರಿಗೆಲ್ಲ ರೂಲ್ಸ್ ಹೇಳ್ತಾರಲ್ಲ, ಮನೇಲಿ ಯಾವ ಮಗು ಯಾವ ಕ್ಲಾಸು ಅಂತ ಕೇಳಿ ನೋಡೋಣ.”

ಇದು ಪಾಠದಲ್ಲಿ ಇರಲಿಲ್ಲ. ನೆರೆಹೊರೆಯವರೆಲ್ಲ ಅವನತ್ತ ತಿರುಗಿದರು.

“ದೊಡ್ಡವಳು ಐದು,” ಎಂದ ಅವನು.

“ಆರು,” ಎಂದಳು ದೊಡ್ಡವಳು ಬಾಗಿಲ ಸಂದಿಯಿಂದ.

ಕೆಳಮನೆಯ ಅಜ್ಜಿ ಹಣೆ ಚಚ್ಚಿಕೊಂಡರು. ಅವನು ಪೆಟ್ಟಿಗೆ ಎತ್ತಿಕೊಂಡು, ಬೀದಿ ದಾಟಿ, ಅಕ್ಕನ ಮನೆಯ ಮಹಡಿ ಹತ್ತಿದ. ಕಿವಿ ಉರಿಯುತ್ತಿತ್ತು. ಆದರೂ ಒಬ್ಬ ಕಲಾವಿದನಾಗಿ ಒಪ್ಪಿಕೊಳ್ಳಲೇಬೇಕಾಯಿತು: ಜಗಳ ಅಚ್ಚುಕಟ್ಟಾಗಿತ್ತು.

ಹೆಂಡತಿ ಅರ್ಜಿ ಕೊಟ್ಟ ಮೇಲೆ ಭತ್ಯೆ ಕಚೇರಿಯಿಂದ ವಿಚಾರಣೆಯ ಮೇಡಂ ಬಂದ ದಿನ ಅವನು ರಜೆ ಹಾಕಿ, ಪರದೆಯ ಹಿಂದೆ ನಿಂತು, ಬೀದಿಯಾಚೆಯ ತನ್ನ ಮನೆಯನ್ನೇ ಕಳ್ಳನಂತೆ ನೋಡುತ್ತಿದ್ದ. ಮೇಡಂ ಬಚ್ಚಲು ನೋಡಿದರು, ಕಪಾಟು ತೆಗೆಸಿದರು. ಒಂದು ಗಂಡಸಿನ ಕಾಲುಚೀಲ ಸಿಗಬೇಕಲ್ಲ? ಊಹೂಂ. ಆಗ ಅವರು ಚಿಕ್ಕವಳ ಮುಂದೆ ಬಗ್ಗಿ ಏನೋ ಕೇಳಿದರು. ಚಿಕ್ಕವಳು ಕೈ ಎತ್ತಿ ನೇರವಾಗಿ ಅವನಿದ್ದ ಕಿಟಕಿಗೇ ಬೆರಳು ತೋರಿದಳು. ಅವನು ದಬಕ್ಕನೆ ಕುಸಿದು, ನೆಲದ ಮೇಲೆ ಮಂಡಿ ಹಿಡಿದು ಕುಳಿತ. ಕೆಳಗಿನಿಂದ ಭಾವ, “ಮಂಚ ಮುರೀತೇನೋ?” ಎಂದು ಕೂಗಿದ.

ಆಮೇಲೆ ಹೆಂಡತಿ ಅಂಗಡಿಯ ಫೋನಿನಿಂದ ವರದಿ ಕೊಟ್ಟಳು. “ಅಪ್ಪ ಎಲ್ಲಿ ಅಂದ್ರು. ಅಲ್ಲಿದಾರೆ, ನಮ್ಮನ್ನೇ ನೋಡ್ತಾ ಇರ್ತಾರೆ ಅಂದ್ಳು. ಒಳ್ಳೇದೇ ಆಯ್ತು. ಬೇರೆ ಇದ್ರೂ ಮಕ್ಕಳ ಮೇಲೆ ಜೀವ ಇಟ್ಕೊಂಡಿದಾರೆ ಅಂತ ಮೇಡಮ್ಮಿಗೆ ಬಹಳ ಮೆಚ್ಚುಗೆ. ಭಾನುವಾರ ಮಕ್ಕಳನ್ನ ಕರ್ಕೊಂಡು ಹೋಗೋಕೆ ಹೇಳಿದಾರೆ.”

ಅಪರಾಧ ಪಕ್ಕಾ ಆಗಬೇಕೆಂದರೆ ಭಾನುವಾರಗಳೂ ಪಕ್ಕಾ ಆಗಬೇಕು. ಅವನು ಗಡ್ಡ ಹೆರೆದು, ತಾನೇ ಒಗೆದ ಅಂಗಿ ತೊಟ್ಟು, ತನ್ನದೇ ಮನೆಯ ಕರೆಗಂಟೆ ಒತ್ತಿ ನಿಲ್ಲುತ್ತಿದ್ದ. ಮಕ್ಕಳನ್ನು ಪಾರ್ಕಿಗೆ ಕರೆದೊಯ್ಯುತ್ತಿದ್ದ. ದೊಡ್ಡವಳಿಗೆ ಗಣಿತವೆಂದರೆ ಪ್ರಾಣ, ನಡುವಿನವನಿಗೆ ಎತ್ತರವೆಂದರೆ ಜೀವ ಬಾಯಿಗೆ ಬರುತ್ತದೆ, ಚಿಕ್ಕವಳು ಯಾರ ಹತ್ತಿರ ಬೇಕಾದರೂ ಹೋಗಿ ಹೆಸರು ಕೇಳುತ್ತಾಳೆ, ಇದೆಲ್ಲ ಅವನಿಗೆ ಆಗ ತಿಳಿಯಿತು. ಒಂದು ಭಾನುವಾರ ನಡುವಿನವನ ಕೈ ಹಿಡಿದು, ತಾನೇ ರಿಪೇರಿ ಮಾಡಿದ ಲಿಫ್ಟಿನಲ್ಲಿ ಮೇಲಿನವರೆಗೂ ಕರೆದೊಯ್ದ. ಹುಡುಗ ಕಣ್ಣು ಮುಚ್ಚಿದ್ದವನು ಮೇಲೆ ತಲುಪಿ ಕಣ್ಣು ಬಿಟ್ಟ, “ಇನ್ನೊಂದ್ಸಲ,” ಎಂದ.

ಹೆಂಡತಿಯೂ ಬಾಗಿಲು ತೆರೆಯುವಾಗ ತಲೆ ಬಾಚಿಕೊಂಡಿರುತ್ತಿದ್ದಳು. ಮನೆ ಒಪ್ಪವಾಗಿತ್ತು. ಅವಳು ಹಾಡು ಗುನುಗುವುದು ಬೀದಿಯಾಚೆಗೂ ಕೇಳುತ್ತಿತ್ತು. ಒಮ್ಮೆ ಅವನು ಮೆಲ್ಲಗೆ, “ಸ್ವಲ್ಪ ಹೊತ್ತು ಒಳಗೆ ಬಂದು ಕೂತ್ಕೊಳ್ಲಾ?” ಎಂದ.

“ಇವತ್ತು ಬೇಡ. ಅಜ್ಜಿ ನೋಡ್ತಾ ಇದಾರೆ,” ಎಂದಳು ನಗುತ್ತ. “ಮುಂದಿನ ವಾರ ನೋಡೋಣ.”

ಎಂಥ ಎಚ್ಚರದ ಹೆಂಗಸು, ಎಂದುಕೊಂಡ ಅವನು. ಬೀದಿ ದಾಟುವಾಗ, ಅವಳಿಗೊಂದು ಬಾಚಣಿಗೆಯೋ ಬಳೆಯೋ ತಂದರೆ ಹೇಗೆಂದು ಯೋಚಿಸುತ್ತಿದ್ದ. ಮದುವೆಯಾದ ಮೇಲೆ ಇಂಥ ಯೋಚನೆ ಅವನಿಗೆ ಬಂದದ್ದೇ ಅಪರೂಪ.

ತಿಂಗಳ ಮೊದಲಲ್ಲಿ ಅವಳ ಬಾಲ್ಕನಿಯ ಹಗ್ಗದ ಮೇಲೆ ಕೆಂಪು ಹೊದಿಕೆ ತೂಗಿತು. ಹಣ ಬಂದಿದೆ ಎಂಬ ಗುಟ್ಟಿನ ಸೂಚನೆ. ಮೂವರು ಮಕ್ಕಳಿಗೂ ಪೂರ್ತಿ ಬಂದಿತ್ತು. ಅವನು ರೂಮಿನಲ್ಲಿ ಒಬ್ಬನೇ ಒಂದು ಸುತ್ತು ಕುಣಿದ. ಯಾರಿಗೂ ಗಾಯವಿಲ್ಲ, ಯಾರ ಬೀಗವನ್ನೂ ಒಡೆದಿಲ್ಲ, ದೊಡ್ಡ ಕಚೇರಿಯೊಂದು ತನ್ನದೇ ನಿಯಮದಂತೆ ತನ್ನದೇ ಕೈಯಿಂದ ಕೊಟ್ಟಿದೆ. ಇದಕ್ಕಿಂತ ಶುದ್ಧವಾದ ಕಳ್ಳತನ ಉಂಟೆ? ಅಂದೇ ಗ್ಯಾರೇಜಿಗೆ ಹೋಗಿ ಸ್ಕೂಟರಿಗೆ ಮುಂಗಡ ಕೊಟ್ಟ. ಉಳಿದದ್ದು ಸಂಬಳ ಬಂದ ದಿನ ಎಂದು ಮಾತಾಯಿತು.

ಸಂಬಳದ ದಿನ ಅವನು ಸಿಳ್ಳೆ ಹಾಕುತ್ತಲೇ ಕಂಪನಿಯ ಹಣದ ಕಿಟಕಿಗೆ ಹೋದ. ಕ್ಯಾಷಿಯರ್ ಮೇಡಂ ಎಣಿಸಿ ಕೊಟ್ಟ ಕಂತೆ ತೀರ ತೆಳ್ಳಗಿತ್ತು. ಅವನು ಕಿಟಕಿಯೊಳಗೆ ಇಣುಕಿದ, ಇನ್ನೊಂದು ಕಂತೆ ಎಲ್ಲಾದರೂ ಉಳಿದಿದೆಯೋ ಎಂದು.

“ಇದೇನು ಮೇಡಂ? ಅರ್ಧಕ್ಕಿಂತ ಹೆಚ್ಚು ಕಾಣಿಸ್ತಾ ಇಲ್ಲ.”

“ಗಾಬರಿಯಾಗ್ಬೇಡಿ, ನಿಮ್ಮ ಮಕ್ಕಳಿಗೇ ಹೋಗಿದೆ,” ಎಂದರು ಮೇಡಂ, ಅಕ್ಕರೆಯಿಂದ. “ಎಷ್ಟೋ ಗಂಡಸರು ಕೆಲಸದ ಜಾಗ ಮುಚ್ಚಿಟ್ಟು ಭತ್ಯೆ ಕಚೇರಿಯವರನ್ನ ಓಡಾಡಿಸ್ತಾರೆ. ನೀವಾಗೇ ಬಂದು ಬೇರೆ ಇದೀನಿ ಅಂದಿದ್ರಿ. ನಿಮ್ಮಂಥೋರು ಅಪರೂಪ.”

ಬೇರೆಯಾದ ತಾಯಿಗೆ ಕೊಡುವ ಭತ್ಯೆ ಸರ್ಕಾರದ ಹಣವಲ್ಲ. ಕಚೇರಿ ಅದನ್ನು ಮೊದಲು ತಾನು ಕೊಟ್ಟು, ಆಮೇಲೆ ತಂದೆಯ ಸಂಬಳದಿಂದ ಹಿಡಿದುಕೊಳ್ಳುತ್ತದೆ, ಪೂರ್ತಿಯಾಗಿ, ಪ್ರತಿ ತಿಂಗಳೂ. ರೂಲ್ಸಣ್ಣ ಕಿಟಕಿಯ ಕಟ್ಟೆ ಹಿಡಿದು ನಿಂತ. “ಇದನ್ನ ನಿಲ್ಲಿಸೋಕೆ ಆಗಲ್ವಾ ಮೇಡಂ?” ಎಂದ. “ಆಗುತ್ತೆ. ಇಬ್ಬರೂ ಒಂದೇ ಮನೇಲಿ ಇದೀವಿ ಅಂತ ಕಚೇರಿಗೆ ಹೋಗಿ ಹೇಳ್ಬೇಕು,” ಎಂದು ಹೇಳಿ ಮೇಡಂ ಮುಂದಿನವರ ಹಣ ಎಣಿಸಲು ಬೆರಳು ಒದ್ದೆ ಮಾಡಿಕೊಂಡರು. “ಇದು ಯಾರ ಸಂಬಳದಿಂದ ಬರೋದು ಅಂತ ಸಭೆಯ ದಿನವೇ ಕಚೇರಿಯವರನ್ನ ಕೇಳಿ ತಿಳ್ಕೊಂಡಿದ್ರಂತೆ ನಿಮ್ಮ ಮನೆಯವರು. ಮೊನ್ನೆ ಈ ಕಡಿತದ ಕಾಗದ ಕೊಡೋಕೆ ಇಲ್ಲಿಗೆ ಬಂದಾಗ, ಮತ್ತೆ ಒಂದಾಗೋ ಯೋಚನೆ ಇದ್ಯಾ ಅಂತ ನಾನೂ ಕೇಳ್ದೆ. ಸದ್ಯಕ್ಕೆ ಬೇಡ ಮೇಡಂ, ಭಾನುವಾರಗಳು ಬಹಳ ಚೆನ್ನಾಗಿ ನಡೀತಾ ಇವೆ ಅಂದ್ರು.”