ಐದು ಚೀಲ ಹೊಯ್ಗೆ

ಜಲಜಳಿಗೆ ಹೆದರಿಕೆ ಹತ್ತಿದ್ದು ಆ ಅಯಸ್ಕಾಂತವನ್ನು ಕಂಡ ದಿನ. ತ್ರಾಸಿಯ ಕಡಲತೀರದಲ್ಲಿ, ಮರಳದಿಬ್ಬದ ಮರೆಯಲ್ಲಿ, ಅವಳು ಮೂವತ್ತು ವರ್ಷದಿಂದ ಮೀನು ಒಣಗಿಸುತ್ತಿದ್ದ ಅಂಗಳಕ್ಕೆ ಖನಿಜ ಸಮೀಕ್ಷೆಯ ನವ್ಯಶ್ರೀ ಬಂದಿದ್ದಳು. ಬ್ರಹ್ಮಾವರದ ಹುಡುಗಿ, ಮಾತು ಮೆದು. ಅವಳು ಅಯಸ್ಕಾಂತವನ್ನು ಅಲ್ಲಿಯವರು ಹೊಯ್ಗೆ ಎನ್ನುವ ಮರಳಿನ ಮೇಲೆ ಆಡಿಸಿದಾಗ ಕಪ್ಪು ಕಣಗಳು ಅದಕ್ಕೆ ಮೀಸೆಯ ಹಾಗೆ ಅಂಟಿಕೊಂಡವು.

"ಕಾಣಿ ಜಲಜಕ್ಕ, ಇದೇ ಭಾರದ ಹೊಯ್ಗೆ. ಒಳ್ಳೆ ಬೆಲೆ ಇತ್ತ್ ಇದ್ಕೆ. ಅಡಿಯಂಗೆ ಎಷ್ಟಿತ್ತ್ ಅಂದೇಳಿ ಮಂಗಳವಾರ ತೆಗ್ದ್ ಕಾಂಬ."

"ಸುಮಾರ್ ಇದ್ರೆ?"

"ಇದ್ರೆ ಕಂಪನಿಯವ್ರ್ ಬತ್ರ್."

"ನಾವ್ ಎಲ್ಲಿಗ್ ಹೋಪ್ದ್ ಮೇಡಂ?"

ನವ್ಯಶ್ರೀ ಅಯಸ್ಕಾಂತವನ್ನು ಚೀಲಕ್ಕೆ ಹಾಕಿಕೊಂಡಳು.

ಜಲಜಳ ಹೆಸರಿನಲ್ಲಿ ಅಲ್ಲಿ ಒಂದು ಸೆಂಟ್ಸ್ ಜಾಗದ ಕಾಗದವೂ ಇರಲಿಲ್ಲ. ಗಂಡ ಸತ್ತ ಮೇಲೆ ಮಗಳನ್ನು ಸಾಕಿದ್ದು, ಮದುವೆ ಮಾಡಿಕೊಟ್ಟದ್ದು ಎಲ್ಲ ಈ ಅಂಗಳದ ಬಿಸಿಲಿನಿಂದ. ಇದು ಹೋದರೆ ಕೈಯಲ್ಲಿ ಉಳಿಯುವುದು ಖಾಲಿ ಬುಟ್ಟಿ. ಮೂರನೆಯ ದಿನ ಉಪಾಯ ಹೊಳೆಯಿತು.

ಬಾರ್ಕೂರಿನಲ್ಲಿ ತಂಗಿ ಪ್ರಫುಲ್ಲಾ ಬಚ್ಚಲುಮನೆ ಕಟ್ಟಿಸುತ್ತಿದ್ದಳು. ಅಂಗಳದಲ್ಲಿ ಹೊಳೆಯ ಮರಳಿನ ರಾಶಿ ಮಳೆಗಾಲವಿಡೀ ನೆನೆದು ಬಿದ್ದಿತ್ತು. ಜಲಜ ಮೂರು ಸಲ ಅಲ್ಲಿಗೆ ಹೋಗಿಬಂದಳು. ಬುಟ್ಟಿಯ ಅಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮರಳು, ಮೇಲೆ ಒಣಮೀನು. ಬಸ್ಸಿನಲ್ಲಿ ಒಣಮೀನಿನ ಬುಟ್ಟಿಗೆ ಕೈಹಾಕಿ ತಪಾಸಣೆ ಮಾಡುವ ಗಂಡಸು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಮನೆಯಲ್ಲಿ ಹಿಟ್ಟಿನ ಜರಡಿಯಲ್ಲಿ ಗಾಳಿಸಿ ದಪ್ಪ ಕಣ ತೆಗೆದಳು. ಚಿಪ್ಪು ಕುಟ್ಟಿ ಬೆರೆಸಿದಳು. ತೀರಾ ಬಿಳಿಯಾದರೆ ಸಂಶಯ ಬಂದೀತೆಂದು ಚಿಟಿಕೆ ಕಪ್ಪು ಮರಳನ್ನೂ ಉದುರಿಸಿದಳು. ಬಾವಿ ನೀರು ಚಿಮುಕಿಸಿ ತೇವ ಮಾಡಿದಳು. ಓದು ಬರಹ ಕಡಿಮೆಯಾದರೇನು, ತಲೆಯಂತೂ ಚುರುಕಾಗಿಯೇ ಇತ್ತು.

ಮಂಗಳವಾರ ನವ್ಯಶ್ರೀ ಮತ್ತು ಅವಳ ಹುಡುಗರು ಪೈಪು ಇಳಿಸಿ ಐದು ಕಡೆ ಮರಳು ತೆಗೆದು, ಐದು ಬಟ್ಟೆ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಚೀಟಿ ತೂಗುಹಾಕಿದರು. ಜೀಪು ದೂರದಲ್ಲಿ, ಹೆದ್ದಾರಿಯ ಬದಿಯಲ್ಲಿತ್ತು. ಬಿಸಿಲು ನೆತ್ತಿಯ ಮೇಲೆ.

"ಹಸಿದ್ ಹೊಟ್ಟಿಯಂಗೆ ಎಂತಕ್ ಹೊರ್ತ್ರಿ ಮೇಡಂ? ಚಪ್ಪರದಂಗೆ ಇರ್ಲಿ. ಊಟ ಮಾಡ್ಕಂಡ್ ಬನ್ನಿ," ಎಂದಳು ಜಲಜ.

ಅವರು ಹೋದದ್ದೇ ಅವಳು ಮೊದಲ ಚೀಲದ ಗಂಟಿಗೆ ಕೈಹಾಕಿದಳು. ಬಲೆ ಹೆಣೆದ ಬೆರಳಿಗೆ ಆ ಗಂಟು ಯಾವ ಲೆಕ್ಕ! ಆದರೂ ಎರಡು ಸಲ ಜಾರಿತು. ಒಂದೊಂದೇ ಚೀಲ ಬಿಚ್ಚಿ ಅದರ ಮರಳನ್ನು ಪೈಪು ಇಳಿಸಿದ ಗುಂಡಿಗೆ ಸುರಿದು ಹೊಳೆಯ ಮರಳನ್ನು ತುಂಬಿದಳು. ಕಪ್ಪು ಮರಳು ಭಾರ, ಅದಕ್ಕೇ ಎರಡೆರಡು ಹಿಡಿ ಹೆಚ್ಚು ಹಾಕಿ ಕೈಯಲ್ಲೇ ತೂಗಿ ನೋಡಿದಳು. ನಾಲ್ಕನೆಯದಕ್ಕೆ ಗಂಟು ಹಾಕುವಾಗ ಹಿಂದಿನಿಂದ ಕೂಗು ಬಂತು.

"ಹ್ವಾಯ್, ಜಲಜಕ್ಕ! ಎಂತ ಮಾಡ್ತಿದ್ರಿ?"

ನೆರೆಮನೆಯ ಕುಷ್ಟ, ಹೆಗಲ ಮೇಲೆ ಬಲೆ.

"ಮೀನ್ ತಿರ್ಗಿಸಿ ಹಾಕ್ತಿದ್ದೆ ಮಾರಾಯಾ. ನೀ ಹೋಗ್!"

ಅವನು ಹೋದ. ಐದನೆಯದನ್ನು ಹೇಗೆ ಕಟ್ಟಿದಳೋ ಅವಳಿಗೇ ನೆನಪಿಲ್ಲ. ಊಟ ಮುಗಿಸಿ ಬಂದವರು ಚೀಲ ಎತ್ತಿಕೊಂಡು ನಗುನಗುತ್ತಾ ಹೋದರು.

ಆಮೇಲಿನ ಹತ್ತು ದಿನ ಹೆದ್ದಾರಿಯಲ್ಲಿ ಜೀಪಿನ ಸದ್ದಾದರೆ ಸಾಕು, ಅವಳು ದಿಬ್ಬ ಹತ್ತಿ ಇಣುಕುತ್ತಿದ್ದಳು. ಹನ್ನೊಂದನೆಯ ದಿನ ಮಧ್ಯಾಹ್ನ ನವ್ಯಶ್ರೀ ಒಬ್ಬಳೇ ಬಂದಳು. ಚಪ್ಪರದ ನೆರಳಲ್ಲಿ ಕೂತು ಕೊಟ್ಟ ಚಾ ಕುಡಿಯತೊಡಗಿದಳು.

"ಎಂತ ಹೇಳೂದ್ ಜಲಜಕ್ಕ, ನಮ್ ಹುಡ್ಗರೇ ಚೀಲ ಅದಲ್ಬದಲ್ ಮಾಡಿರ್ಕ್. ಹೊಯ್ಗೆ ತೊಳ್ದ ನೀರಂಗೆ ಹೆಸ್ರಿಗೂ ಉಪ್ಪಿಲ್ಲೆ. ಮೂವತ್ತ್ ವರ್ಷ ನೀವ್ ಮೀನಿನ್ ಉಪ್ಪುನೀರ್ ಚೆಲ್ಲಿದ್ ಜಾಗ ಅಲ್ದಾ ಇದ್?"

ಯಾರೂ ಜಲಜಳ ಮೇಲೆ ಸಂಶಯಪಟ್ಟಿರಲಿಲ್ಲ. ಹೂಂ ಎಂದು ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಹತ್ತು ದಿನದಿಂದ ಹಿಡಿದಿಟ್ಟ ಹೆದರಿಕೆ ನಾಲಗೆಗೆ ನುಗ್ಗಿತು.

"ಉಪ್ಪಿಲ್ದೆ ಇಪ್ಪುಕೆ ಸಾಧ್ಯವೇ ಇಲ್ಲೆ! ಹಾಕುಕ್ ಮೊದ್ಲ್ ನಾನೇ ನಾಲ್ಗಿ ಮೇಲ್ ಇಟ್ಕಂಡ್ ಕಂಡಿದ್ದೆ, ಉಪ್ಪ್ ಇದ್ದಿತ್!"

ನವ್ಯಶ್ರೀಯ ಕೈಯ ಲೋಟ ಅರ್ಧದಲ್ಲಿ ನಿಂತಿತು. ಅವಳು ಅದನ್ನು ಮೆಲ್ಲನೆ ಕೆಳಗಿಟ್ಟು, ಫೋನಿನಲ್ಲಿ ಯಾರಿಗೋ ಪೈಪು ತರಲು ಹೇಳಿದಳು, ಜೊತೆಗೆ ಠಾಣೆಯಿಂದ ಒಬ್ಬರನ್ನೂ. ಜಲಜ ಸುಳ್ಳು ಹೇಳಿರಲಿಲ್ಲ. ಆ ಮಂಗಳವಾರ ಬೆಳಿಗ್ಗೆ ಮೀನಿಗೆ ಉಪ್ಪು ತಿಕ್ಕಿ ಎದ್ದವಳು ಕೈ ತೊಳೆದು, ಒಂದು ಚಿಟಿಕೆ ಹೊಳೆಯ ಮರಳನ್ನು ನಾಲಗೆಗಿಟ್ಟು ನೋಡಿದ್ದಳು. ಬೇಕಾದಷ್ಟು ಉಪ್ಪು ಹತ್ತಿ ಸಮಾಧಾನವಾಗಿತ್ತು. ಈಗ ಅವಳ ಬೆರಳು ತಾನಾಗಿ ಬಾಯಿಗೆ ಹೋಯಿತು. ಇವತ್ತು ಅವಳು ಮೀನು ಮುಟ್ಟಿರಲಿಲ್ಲ, ಸ್ನಾನವೂ ಆಗಿತ್ತು. ಆದರೂ ಬೆರಳೇ ಉಪ್ಪುಪ್ಪಾಗಿತ್ತು.